ಬುದ್ಧಿ ಮತ್ತು ಮಾತಿನ ಇಂಗ್ಲಿಷ್ ಪದಗಳು: ನೀವು ಹೇಗೆ ಕಲಿತಿರಿ?

ಪ್ರಶ್ನೆ: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಗೆ ಸಿದ್ಧತೆ ನಡೆಸಿದ್ದೇನೆ. ನಿಘಂಟು ತೆರೆದರೆ ಹತ್ತಾರು ಪದಗಳಿಗೆ ‘ಜಾಣ’ ಎಂದೇ ಅರ್ಥ, ಇನ್ನು ಹತ್ತಾರಕ್ಕೆ ‘ಹೆಚ್ಚು ಮಾತನಾಡುವ’. ಪಟ್ಟಿ ಬಾಯಿಪಾಠ ಮಾಡಿದರೆ ವಾರದೊಳಗೆ ಮರೆತುಹೋಗುತ್ತದೆ. ಕಲಿತವರು ದಾರಿ ಹೇಳಿ.

ಧಾರವಾಡದ ಇಂಗ್ಲಿಷ್ ಉಪನ್ಯಾಸಕಿ: ಅರ್ಥ ಆಮೇಲೆ ನೋಡಮ್ಮ, ಮೊದಲು ಆ ಪದ ಹೊಗಳುತ್ತದೋ ತೆಗಳುತ್ತದೋ ಎಂದು ಕೇಳಿಕೋ. ವಾಗ್ಮಿಗೂ ವಾಚಾಳಿಗೂ ಇರುವ ಅಂತರ ನಿನಗೆ ಯಾರೂ ಕಲಿಸಬೇಕಾಗಿಲ್ಲ. ‘ಎಲೊಕ್ವೆಂಟ್’ ವಾಗ್ಮಿಗೆ ಸಲ್ಲುತ್ತದೆ. ‘ಲೊಕ್ವೇಶಸ್’ ಬಹಳ ಮಾತನಾಡುವವರಿಗೆ. ‘ಗ್ಯಾರುಲಸ್’ ಎಂದರೆ ಆ ಮಾತು ಕೆಲಸಕ್ಕೆ ಬಾರದ ಹರಟೆ ಎಂಬ ಬೇಸರವೂ ಸೇರಿತು. ‘ಗ್ಲಿಬ್’ ಆದವನ ಮಾತು ಸರಾಗ, ಆದರೆ ನಂಬುವಂತಿಲ್ಲ. ಚುನಾವಣೆಯ ಕಾಲದಲ್ಲಿ ಇದಕ್ಕೆ ಉದಾಹರಣೆ ಹುಡುಕಿಕೊಂಡು ಹೋಗಬೇಕಿಲ್ಲ.

ಮಿತಭಾಷಿಗಳಲ್ಲೂ ಹೀಗೆಯೇ. ಚಿಕ್ಕದಾಗಿ, ಚೊಕ್ಕವಾಗಿ ಹೇಳಿದರೆ ‘ಸಕ್ಸಿಂಕ್ಟ್’. ಮುಖಕ್ಕೆ ಹೊಡೆದಂತೆ ಹೇಳಿದರೆ ‘ಕರ್ಟ್’. ಸ್ವಭಾವದಿಂದಲೇ ಮಾತು ಕಡಿಮೆಯಿದ್ದರೆ ‘ಟ್ಯಾಸಿಟರ್ನ್’. ಮನಸ್ಸಿನಲ್ಲಿರುವುದನ್ನು ಹೊರಗೆಡಹಲು ಹಿಂಜರಿಯುವವರು ‘ರೆಟಿಸೆಂಟ್’. ಜಾಣರ ಪೈಕಿ ‘ಎರುಡೈಟ್’ ಓದಿ ಪಂಡಿತರಾದವರು, ‘ಸಗೇಶಸ್’ ವಿವೇಕಿಗಳು, ‘ಶ್ರೂಡ್’ ವ್ಯವಹಾರ ಬಲ್ಲವರು. ‘ಕನಿಂಗ್’ ಎನ್ನುವ ಹೊತ್ತಿಗೆ ಜಾಣತನ ಕುತಂತ್ರವಾಗಿರುತ್ತದೆ.

ಜಿಆರ್‌ಇ ಬರೆದು ಅಮೆರಿಕದಲ್ಲಿ ಓದುತ್ತಿರುವವನು: ನನಗೆ ಒಗ್ಗಿದ್ದು ಧಾತುಗಳ ದಾರಿ. ಲ್ಯಾಟಿನ್ನಿನ ‘ಲೊಕ್ವಿ’ ಎಂದರೆ ಮಾತನಾಡು. ಅದೊಂದನ್ನು ಹಿಡಿದರೆ ಆಡುಮಾತಿನ ‘ಕಲೋಕ್ವಿಯಲ್’, ಸ್ವಗತದ ‘ಸೊಲಿಲೊಕ್ವಿ’, ಸುತ್ತಿ ಬಳಸಿ ಹೇಳುವ ‘ಸರ್ಕಮ್ಲೊಕ್ಯೂಶನ್’ ಎಲ್ಲವೂ ಬಂಧುಗಳಾಗಿ ಕಾಣುತ್ತವೆ. ಕಥೆಯಿದ್ದರೆ ಇನ್ನೂ ಒಳ್ಳೆಯದು. ತೀರಾ ಕಡಿಮೆ ಮಾತಿನಲ್ಲಿ ಹೇಳುವ ಎಂಬರ್ಥದ ‘ಲಕಾನಿಕ್’ ಪದ ಪ್ರಾಚೀನ ಗ್ರೀಸಿನ ಸ್ಪಾರ್ಟಾ ಇದ್ದ ಲಕೋನಿಯಾ ಪ್ರಾಂತ್ಯದ ಹೆಸರಿನಿಂದ ಬಂದದ್ದು. ಮ್ಯಾಸಿಡೋನಿಯಾದ ಎರಡನೇ ಫಿಲಿಪ್ ‘ನಿಮ್ಮ ನಾಡಿಗೆ ನುಗ್ಗಿದರೆ ಸರ್ವನಾಶ ಮಾಡುತ್ತೇನೆ’ ಎಂದು ಬೆದರಿಸಿದಾಗ ಸ್ಪಾರ್ಟಾದವರು ‘ನುಗ್ಗಿದರೆ’ ಎಂದಷ್ಟೇ ಉತ್ತರ ಕಳುಹಿಸಿದರಂತೆ.

ಪರೀಕ್ಷೆಯ ಬಗ್ಗೆ ಒಂದು ಮಾತು. ‘ಸೆಂಟೆನ್ಸ್ ಇಕ್ವಿವಲೆನ್ಸ್’ ಪ್ರಶ್ನೆಯಲ್ಲಿ ವಾಕ್ಯದ ಖಾಲಿ ಜಾಗಕ್ಕೆ ಹೊಂದಿ ಒಂದೇ ಅರ್ಥ ಕೊಡುವ 2 ಪದಗಳನ್ನು 6ರಿಂದ ಆರಿಸಬೇಕು. ಎರಡೂ ಸರಿಯಿದ್ದರೆ ಮಾತ್ರ ಅಂಕ. ವಾಕ್ಯಕ್ಕೆ ಹೊಂದದ ಸಮಾನಾರ್ಥಕ ಜೋಡಿಯೊಂದನ್ನೂ ಅಲ್ಲಿ ಇಟ್ಟಿರುತ್ತಾರೆ. ಹಾಗಾಗಿ ಮೊದಲು ವಾಕ್ಯ ಓದಿ, ಜೋಡಿ ಆಮೇಲೆ ಹುಡುಕಿ.

ಶಿವಮೊಗ್ಗದ ಬ್ಯಾಂಕ್ ಉದ್ಯೋಗಿ: ಧಾತುಗಳನ್ನು ಅಷ್ಟಾಗಿ ನಂಬಬೇಡಿ ತಂಗಿ. ‘ಲೊಕೇಶನ್’ ಕೂಡ ಅದೇ ಮನೆಯದು ಎನಿಸುತ್ತದೆ. ಅದರ ಮೂಲವೇ ಬೇರೆ, ಸ್ಥಳ ಎಂಬರ್ಥದ ‘ಲೊಕಸ್’. ಮೂಲ ಒಂದೇ ಆದರೂ ಕೈಕೊಡುವ ಜೋಡಿಗಳಿವೆ. ‘ಇಂಜೀನಿಯಸ್’ ಚತುರ, ‘ಇಂಜೆನ್ಯುಅಸ್’ ಮುಗ್ಧ. ‘ಪರ್ಸ್ಪಿಕೇಶಸ್’ ಸೂಕ್ಷ್ಮವಾಗಿ ಗ್ರಹಿಸುವ ವ್ಯಕ್ತಿಗೆ, ‘ಪರ್ಸ್ಪಿಕ್ಯುಅಸ್’ ತಿಳಿಯಾದ ಬರವಣಿಗೆಗೆ.

ಮರೆವಿಗೆ ನನ್ನ ಮದ್ದು, ಮುಂಬದಿ ಪದ ಬರೆದು ಸಾಲು ಡಬ್ಬಿಗಳಲ್ಲಿ ಇಡುವ ರಟ್ಟಿನ ಚೀಟಿಗಳು. ಜರ್ಮನಿಯ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ವಿವರಿಸಿದ ಕ್ರಮ ಅದು. ನೆನಪಾದ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ, ಅದನ್ನು ತಡವಾಗಿ ನೋಡಿದರೆ ಸಾಕು. ಮರೆತದ್ದು ಮೊದಲ ಡಬ್ಬಿಗೆ ಮರಳುತ್ತದೆ. ಮೊಬೈಲಿನ ಆ್ಯಂಕಿ ಆ್ಯಪ್ ಸಹ ಇದೇ ಜಾತಿಯದು. ಚೀಟಿಯ ಹಿಂಬದಿ ಅರ್ಥ ಬರೆಯಬೇಡಿ, ಗೊತ್ತಿರುವವರ ಬಗ್ಗೆ ಒಂದು ವಾಕ್ಯ ಬರೆಯಿರಿ. ಬೇಕಾದದ್ದಕ್ಕಿಂತ ಹೆಚ್ಚು ಮಾತು ಬಳಸುವ ಎಂಬರ್ಥದ ‘ವರ್ಬೋಸ್’ ಪದದ ನನ್ನ ಚೀಟಿಯಲ್ಲಿ ಮದುವೆಮನೆಯಲ್ಲಿ ಮೈಕ್ ಬಿಡದ ನಮ್ಮ ದೊಡ್ಡಪ್ಪ ಇದ್ದಾರೆ. ಆ ಪದ ಈ ಜನ್ಮದಲ್ಲಿ ಮರೆಯುವುದಿಲ್ಲ. ಚೀಟಿ ಮಾತ್ರ ಅವರ ಕೈಗೆ ಸಿಗದಂತೆ ಇಟ್ಟಿದ್ದೇನೆ.

ಪ್ರಶ್ನೆ ಕೇಳಿದವಳು: ಎಲ್ಲರಿಗೂ ಧನ್ಯವಾದ. ಮೇಡಂ, ಈ ಪದಗಳನ್ನು ಸಂದರ್ಶನದಲ್ಲಿಯೂ ಬಳಸಬಹುದೇ?

ಉಪನ್ಯಾಸಕಿ: ಸ್ಪಷ್ಟವಾಗಿ ಮಾತನಾಡಬಲ್ಲ ಎಂಬರ್ಥದ ‘ಆರ್ಟಿಕ್ಯುಲೇಟ್’, ಹಾಗೆಯೇ ‘ಸಕ್ಸಿಂಕ್ಟ್’ ಧಾರಾಳವಾಗಿ ಬಳಸು. ‘ಪರ್ಸ್ಪಿಕೇಶಸ್’ ಪರೀಕ್ಷೆಗೇ ಇರಲಿ.