ಗೊಬ್ಬರದ ಅಂಗಡಿ ನಿಜವಾಗಿ ನಷ್ಟದಲ್ಲಿದೆಯಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ನಮಸ್ಕಾರ ಮೇಡಂ. ನಾನು, ಅಣ್ಣ ಸೇರಿ ಗೊಬ್ಬರದ ಅಂಗಡಿ, ಅದರ ಹಿಂದೆಯೇ ಅಡಿಕೆ ಸುಲಿಯುವ ಮಷಿನ್, ಒಂದು ಪಿಕಪ್ ಗಾಡಿ ನಡೆಸುತ್ತಿದ್ದೇವೆ. ಕಟ್ಟಡ ಸ್ವಂತದ್ದು, ಲೆಕ್ಕ ಟ್ಯಾಲಿಪ್ರೈಮ್ ಅನ್ನುವ ಸಾಫ್ಟ್‌ವೇರ್‌ನಲ್ಲಿ. ನವೆಂಬರ್‌ನಲ್ಲಿ ಕರೆಂಟ್ ಬಿಲ್ 18,000, ಲೆಕ್ಕ ಬರೆಯುವ ಹುಡುಗನ ಸಂಬಳ 15,000. ಮೊದಲಿಂದಲೂ ಎರಡನ್ನೂ ಅಂಗಡಿ ಖರ್ಚಿಗೇ ಹಾಕುತ್ತೇವೆ. ಗೊಬ್ಬರ ಮಾರಿ ಉಳಿದದ್ದು 22,000, ಹಾಗಾಗಿ 11,000 ನಷ್ಟ ಕಾಣುತ್ತದೆ. ಅಣ್ಣ ಮುಚ್ಚೋಣ ಅನ್ನುತ್ತಾನೆ. ಅಪ್ಪ ಶುರು ಮಾಡಿದ ಅಂಗಡಿ, ಮನಸ್ಸು ಒಪ್ಪುತ್ತಿಲ್ಲ.

ಉತ್ತರ (ಅಕೌಂಟೆಂಟ್, ಶಿವಮೊಗ್ಗ):
ಆತುರ ಬೇಡ. ಸುಲಿಯುವ ಸೀಸನ್‌ನಲ್ಲಿ ಕರೆಂಟ್ ತಿನ್ನುವುದು ಮಷಿನ್, ಅಂಗಡಿಯ ನಾಲ್ಕು ಲೈಟು, ಫ್ಯಾನು ಅಲ್ಲ. ಮಷಿನ್ ಎಷ್ಟು ಯೂನಿಟ್ ಎಳೆಯುತ್ತದೆ ಅಂತ ಬೇರೆಯಾಗಿ ತೋರಿಸುವ ಒಂದು ಸಬ್ ಮೀಟರ್ ಕೂರಿಸಿ. ಉದಾಹರಣೆಗೆ 2,000 ಯೂನಿಟ್‌ನಲ್ಲಿ ಮಷಿನ್ 1,700 ಎಳೆದಿದ್ದರೆ ಬಿಲ್‌ನಲ್ಲಿ ಅದರ ಪಾಲು 15,300, ಅಂಗಡಿಯದು 2,700 ಅಷ್ಟೇ.

ಸಂಬಳ ಹಂಚುವಾಗ ಹುಡುಗ ಎಷ್ಟು ಬಿಲ್ ಬರೆದ ಅಂತ ಎಣಿಸಬೇಡಿ, ಯಾವ ಕೆಲಸಕ್ಕೆ ಎಷ್ಟು ಸಮಯ ಹೋಯಿತು ಅಂತ ನೋಡಿ. ಗೊಬ್ಬರದ ಬಿಲ್ ಮೂರು ನಿಮಿಷದ ಕೆಲಸ. ಅಡಿಕೆ ಲೆಕ್ಕ ಹಾಗಲ್ಲ. ಬೆಳೆಗಾರರು ಎದುರಿಗೇ ಕೂತಿರುತ್ತಾರೆ, ತೂಕದ ಚೀಟಿ ಒಂದೊಂದೇ ತಾಳೆ ನೋಡಬೇಕು, ಮುಂಗಡ ಕಳೆಯಬೇಕು, ಅರ್ಧ ಗಂಟೆ ಹೋಗುತ್ತದೆ. ತಿಂಗಳಿಗೆ 300 ಬಿಲ್ ಅಂದರೆ 15 ಗಂಟೆ, 50 ಅಡಿಕೆ ಲೆಕ್ಕಕ್ಕೆ 25 ಗಂಟೆ, ಗಾಡಿ ಟ್ರಿಪ್ ಬರೆಯಲು 10 ಗಂಟೆ ಅಂದುಕೊಳ್ಳಿ. ಆಗ ಅಂಗಡಿಗೆ 4,500, ಮಷಿನ್‌ಗೆ 7,500, ಗಾಡಿಗೆ 3,000. ನಿಮ್ಮ ಹುಡುಗನ ಹತ್ತಿರ ಒಂದು ವಾರ ಸಮಯ ಬರೆಸಿ, ನಿಜವಾದ ಅಂಕಿ ಸಿಗುತ್ತದೆ.

ಈ ಲೆಕ್ಕದಲ್ಲಿ ಅಂಗಡಿಯ ಖರ್ಚು 7,200, ಉಳಿಯುವುದು 14,800. ಒಟ್ಟು ಲಾಭ ಒಂದು ರೂಪಾಯಿಯೂ ಬದಲಾಗುವುದಿಲ್ಲ. ಯಾವುದು ದುಡಿಯುತ್ತಿದೆ ಅನ್ನುವುದು ಮಾತ್ರ ಸರಿಯಾಗಿ ಕಾಣುತ್ತದೆ.

ಟ್ಯಾಲಿಯಲ್ಲಿ ಎಫ್11 ಒತ್ತಿ ಕಾಸ್ಟ್ ಸೆಂಟರ್ (ಒಂದೊಂದು ವಿಭಾಗದ ಖರ್ಚು ಬೇರೆ ಬೇರೆ ತೋರಿಸುವ ವ್ಯವಸ್ಥೆ) ಆನ್ ಮಾಡಿ, ಅಂಗಡಿ, ಮಷಿನ್, ಗಾಡಿ ಅಂತ ಮೂರು ಸೆಂಟರ್ ಮಾಡಿಕೊಳ್ಳಿ. ಕರೆಂಟ್, ಸಂಬಳದ ಲೆಡ್ಜರ್‌ಗಳಲ್ಲೂ (ಖಾತೆಗಳಲ್ಲೂ) ಕಾಸ್ಟ್ ಸೆಂಟರ್‌ಗೆ ಯೆಸ್ ಕೊಡಿ. ಆಮೇಲೆ ವೋಚರ್ ಹಾಕುವಾಗ, ಅಂದರೆ ಖರ್ಚು ಬರೆಯುವಾಗ, ಯಾರಿಗೆ ಎಷ್ಟು ಅಂತ ಅದೇ ಕೇಳುತ್ತದೆ.

ಪ್ರಶ್ನೆ:
ಪ್ರತಿ ತಿಂಗಳೂ ಇದೇ ಪರ್ಸೆಂಟ್ ಇಟ್ಟುಕೊಳ್ಳಬಹುದಾ ಮೇಡಂ?

ಉತ್ತರ:
ನಮ್ಮ ಮಲೆನಾಡಿಗೆ ಅದು ಹೊಂದುವುದಿಲ್ಲ. ಜುಲೈನಲ್ಲಿ ಮಳೆ ಹೊಯ್ಯುತ್ತಿರುವಾಗ ಮಷಿನ್ ತಾಡಪಾಲು ಹೊದ್ದು ಕೂತಿರುತ್ತದೆ, ಗೊಬ್ಬರ ಒಯ್ಯುವವರು ಬರುತ್ತಿರುತ್ತಾರೆ. ಆಗ ನವೆಂಬರ್‌ನ ಪರ್ಸೆಂಟ್ ಹಾಕಿದರೆ ಮಷಿನ್‌ಗೆ ಅನ್ಯಾಯ. ಟ್ಯಾಲಿಯಲ್ಲಿ ಕಾಸ್ಟ್ ಸೆಂಟರ್ ಕ್ಲಾಸ್ (ಯಾವ ಸೆಂಟರ್‌ಗೆ ಎಷ್ಟು ಪಾಲು ಅಂತ ಮೊದಲೇ ಬರೆದಿಡುವ ಪಟ್ಟಿ) ಎರಡು ಮಾಡಿ, ‘ಸೀಸನ್’ ಒಂದು, ‘ಮಳೆಗಾಲ’ ಒಂದು. ಪರ್ಸೆಂಟ್ ಮೊದಲೇ ತುಂಬಿಟ್ಟರೆ ಸಂಬಳ ತಾನಾಗಿಯೇ ಹಂಚಿಹೋಗುತ್ತದೆ. ಕರೆಂಟ್ ಮಾತ್ರ ಪ್ರತಿ ತಿಂಗಳು ಸಬ್ ಮೀಟರ್ ನೋಡಿಯೇ ಹಾಕಿ.

ಪ್ರಶ್ನೆ:
ಅಣ್ಣನಿಗೆ ಹೇಗೆ ಹೇಳಲಿ?

ಉತ್ತರ:
ಒಂದೇ ಪ್ರಶ್ನೆ ಕೇಳಿ. ಅಂಗಡಿ ಮುಚ್ಚಿದರೆ ಯಾವ ಖರ್ಚು ನಿಲ್ಲುತ್ತದೆ? ಹುಡುಗನ ಸಂಬಳ ನಿಲ್ಲುವುದಿಲ್ಲ, ಅಡಿಕೆ ಲೆಕ್ಕಕ್ಕೆ ಅವನು ಬೇಕೇ ಬೇಕು. ನಿಲ್ಲುವುದು ಹೆಚ್ಚೆಂದರೆ 2,700ರ ಕರೆಂಟ್. ಹೋಗುವುದು 22,000. ಅಂದರೆ ತಿಂಗಳಿಗೆ 19,300 ಮನೆಗೆ ಕಡಿಮೆಯಾಗುತ್ತದೆ. ಸಬ್ ಮೀಟರ್ ಕೂರಿಸಿ ಒಂದು ತಿಂಗಳ ನಿಮ್ಮದೇ ಅಂಕಿ ತೆಗೆದುಕೊಂಡು, ಇಬ್ಬರೂ ಒಟ್ಟಿಗೆ ಕೂತು ನೋಡಿ. ಲೆಕ್ಕ ತಾಳೆಯಾಗದಿದ್ದರೆ ಇಲ್ಲೇ ಹಾಕಿ, ನಾನು ನೋಡುತ್ತೇನೆ.