ಮೊದಲ ಮಳೆಗೆ ಮಣ್ಣು ಬಿಡುವ ಉಸಿರಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ವಿಜಯಪುರದ ಕಡೆಯ ಮಳೆ ನಂಬಿದ ರೈತರಿಗಾಗಿ ಮಣ್ಣಿನ ಇಂಗಾಲದ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಅಲ್ಲೇ ನಿಂತಿದ್ದೇನೆ.

ಬೇಸಿಗೆಯಿಡೀ ಒಣಗಿದ ಮಣ್ಣಿಗೆ ಮಳೆ ಬಿದ್ದಾಗ ಒಳಗಿನ ಸೂಕ್ಷ್ಮಜೀವಿಗಳು ಒಮ್ಮೆಲೇ ಚುರುಕಾಗುತ್ತವೆ. ಒಣಗಿ ಸತ್ತ ಜೀವಿಗಳ ಉಳಿಕೆ, ಮಣ್ಣಿನ ಸಣ್ಣ ಉಂಡೆಗಳು ಒಡೆದು ಬಿಟ್ಟುಕೊಟ್ಟ ಸಾವಯವ ಅಂಶ, ಎಲ್ಲವನ್ನೂ ತಿನ್ನುತ್ತವೆ. ಕೆಲವೇ ಗಂಟೆಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಭರ್ರನೆ ಹೊರಬರುತ್ತದೆ. ಕೀನ್ಯಾದಲ್ಲಿದ್ದ ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಇದನ್ನು ವಿವರಿಸಿದರು. ಹಾಗಾಗಿ 'ಬರ್ಚ್ ಪರಿಣಾಮ' ಎಂಬ ಹೆಸರು ಬಂತು. ಆದರೆ ಎರೆಹೊಲದ ರೈತನಿಗೆ ಈ ಹೆಸರಿನಿಂದ ಏನೂ ಹೊಳೆಯುವುದಿಲ್ಲ, ಅಲ್ವಾ?

ಹೊಳೆಯಲೇಬೇಕು. ವರ್ಷದ ಮಳೆ ಅದೇ ಸುಮಾರು 600 ಮಿ.ಮೀ. ಇರಬಹುದು. ಅದು ನಾಲ್ಕಾರು ಸಲ ಜೋರಾಗಿ ಸುರಿದು, ನಡುವೆ ವಾರಗಟ್ಟಲೆ ಕೈಕೊಟ್ಟರೆ ಮಣ್ಣು ಮತ್ತೆ ಮತ್ತೆ ಒಣಗಿ ನೆನೆಯುತ್ತದೆ. ಪ್ರತಿಸಲವೂ ಇಂಗಾಲ ಹೊರಗೆ ಹೋಗುತ್ತದೆ. ಬಾಡಿದ ಜೋಳದ ಬೆಳೆ ಬೇರು, ರವದಿಯ (ಒಣಗಿದ ಗರಿ) ರೂಪದಲ್ಲಿ ಅದನ್ನು ತುಂಬಿಕೊಡುವುದಿಲ್ಲ. ಖರ್ಚು ನಡೆದೇ ಇರುತ್ತದೆ, ಜಮಾ ಇಲ್ಲ.

'ಕಾವು' ಅನ್ನೋಣ ಎಂದುಕೊಂಡೆ. ಅದು ಬರೀ ಬಿಸಿ. 'ನಿಟ್ಟುಸಿರು' ಅಂದರೆ ದುಃಖ ಸೇರಿಕೊಳ್ಳುತ್ತದೆ. 'ಮಣ್ಣಿನ ಉಸಿರಾಟ' ದಿನವೂ ನಡೆಯುವಂಥದ್ದು, ಇದು ಹಾಗಲ್ಲ. ನನಗೆ 'ಮಳೆಯುಸಿರು' ಇಷ್ಟವಾಗಿದೆ. ಆದರೆ ಮಳೆಯೇ ಉಸಿರಾಡಿತು ಎಂದು ಕೇಳಿಸುತ್ತದೆಯೇ?

ಇನ್ನೊಂದು ತೊಡಕು 'ಇಂಗಾಲ'ದ್ದೇ. ನೀರು ಇಂಗುವುದಕ್ಕೂ ಇದಕ್ಕೂ ನಂಟಿಲ್ಲ, ಇದು ಕೆಂಡ ಎಂಬರ್ಥದ 'ಇಂಗಳ'ದ ಕಡೆಯದು. ಮಳೆ, ಮಣ್ಣು ಎಂದು ಮಾತಾಡುವಾಗ ಮಾತ್ರ ಕಿವಿ ಇಂಗುವುದರ ಕಡೆಗೇ ಹೋಗುತ್ತದೆ. ಎರೆಮಣ್ಣಿನಲ್ಲಿ ಸುಣ್ಣದ ಹರಳಿನಲ್ಲೂ ಇಂಗಾಲ ಇರುತ್ತದೆ. ಉಸಿರಾಗಿ ಹೋಗುವುದು ಹೆಚ್ಚಾಗಿ ಸಾವಯವ ಇಂಗಾಲ. ಹಾಗಾಗಿ ಸುಮ್ನೆ 'ಮಣ್ಣಿನ ಇಂಗಾಲ' ಎಂದು ಬರೆದರೆ ಸಾಲದು.

ಒಣಪ್ರದೇಶಕ್ಕೆ ಬೆದ್ದಲು, ಖುಷ್ಕಿ ಎರಡೂ ಚೆಂದದ ಮಾತುಗಳು. ಆದರೆ ಅವು ಬೆಳೆ ತೆಗೆಯುವ ಹೊಲಕ್ಕೆ ಮಾತ್ರ ಹೊಂದುತ್ತವೆ. ಗೋಮಾಳ, ಕುರುಚಲು ಕಾಡು ಹೊರಗೇ ಉಳಿಯುತ್ತವೆ. ಅದಕ್ಕೇ 'ಒಣನೆಲ' ಎಂದು ಬಳಸುತ್ತಿದ್ದೇನೆ.

ಕಲಬುರಗಿ, ಕೊಪ್ಪಳ, ಚಿತ್ರದುರ್ಗದ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ನೋಡಿ. ಮುಂಗಾರಿಗೆ ಮುಂಚಿನ ಅಡ್ಡಮಳೆ ಬಿದ್ದ ಕೂಡಲೇ ನೆಲದಿಂದ ಏಳುವುದಕ್ಕೆ, ಬರೀ ವಾಸನೆಗಲ್ಲ, ಅವರು ಏನನ್ನುತ್ತಾರೆ?