ವಾತಾವರಣದ ಕೆಮಿಸ್ಟ್ರಿ ಓದಿದವರು ಯಾವ ವಿಭಾಗಕ್ಕೆ ಅರ್ಜಿ ಹಾಕಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ದಾವಣಗೆರೆ ಕಡೆಯವಳು. ಎಂಎಸ್ಸಿ ಕೆಮಿಸ್ಟ್ರಿ, ಆಮೇಲೆ ವಾತಾವರಣದ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ. ಈಗ ಜರ್ಮನಿಯಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆ. ಕಾಡಿನ ಮರಗಳು ಬಿಡುವ ಐಸೊಪ್ರೀನ್ ಅನ್ನುವ ಅನಿಲದ ಮೇಲೆ ಕೆಲಸ. ಭಾರತಕ್ಕೆ ಬಂದು ಅಸಿಸ್ಟೆಂಟ್ ಪ್ರೊಫೆಸರ್ ಆಗುವ ಆಸೆ. ಒಂದು ಕಡೆ ಕೆಮಿಸ್ಟ್ರಿ ವಿಭಾಗದವರು ‘ಇದು ಪರಿಸರದ ವಿಷಯ’ ಅಂದರು. ಇನ್ನೊಂದು ಕಡೆ ಸಿವಿಲ್ ಎಂಜಿನಿಯರಿಂಗ್‌ನವರು ಬಿಟೆಕ್ ಕೇಳಿದರು. ಎಲ್ಲಿಗೆ ಹಾಕಲಿ?

ಉತ್ತರ: ನಮ್ಮ ವಿಷಯದ ಬಹಳಷ್ಟು ಜನ ಈ ಮಾತು ಕೇಳಿಸಿಕೊಂಡವರೇ. ನಿಮ್ಮ ಕೆಲಸದಲ್ಲಿ ಏನೋ ಕೊರತೆ ಅಂದುಕೊಳ್ಳಬೇಡಿ. 1995ರಲ್ಲಿ ವಾತಾವರಣದ ಓಝೋನ್ ಕೆಲಸಕ್ಕಾಗಿ ಕ್ರುಟ್ಜೆನ್, ಮೊಲಿನಾ, ರೋಲೆಂಡ್ ಅವರಿಗೆ ಬಂದದ್ದು ಕೆಮಿಸ್ಟ್ರಿ ನೊಬೆಲ್ಲೇ ಅಲ್ವಾ?

ವಿಭಾಗದ ಹೆಸರಿಗಿಂತ, ಅಲ್ಲಿ ಗಾಳಿಯ ಮೇಲೆ ಕೆಲಸ ಮಾಡುವವರು ಇದ್ದಾರಾ ನೋಡಿ. ಮೊಹಾಲಿಯ ವಿಜ್ಞಾನ ಸಂಸ್ಥೆ ಐಸರ್‌ನ ಭೂಮಿ ಮತ್ತು ಪರಿಸರ ವಿಜ್ಞಾನ ವಿಭಾಗ ನಿಮ್ಮ ಕೆಲಸಕ್ಕೆ ತೀರಾ ಹತ್ತಿರ. ಬೆಂಗಳೂರಿನ ಐಐಎಸ್‌ಸಿ, ದೆಹಲಿ ಐಐಟಿಗಳಲ್ಲಿ ವಾತಾವರಣಕ್ಕೇ ಬೇರೆ ಕೇಂದ್ರಗಳಿವೆ. ಪಾಠಕ್ಕಿಂತ ಸಂಶೋಧನೆಯೇ ಮುಖ್ಯ ಅನ್ನುವವರಿಗೆ ಪುಣೆಯ ಐಐಟಿಎಂ, ಅಹಮದಾಬಾದಿನ ಪಿಆರ್‌ಎಲ್, ತಿರುಪತಿ ಹತ್ತಿರ ಗಾದಂಕಿಯ ಎನ್‌ಎಆರ್‌ಎಲ್, ನೈನಿತಾಲಿನ ಏರೀಸ್ ಥರದ ಸರ್ಕಾರಿ ಸಂಶೋಧನಾ ಸಂಸ್ಥೆಗಳಿವೆ.

ನಾನು ಆಯ್ಕೆ ಸಮಿತಿಯಲ್ಲಿ ಕೂತಾಗ ಮೊದಲು ಕೇಳುವುದು ಒಂದೇ: ಉಪಕರಣ ಬರುವವರೆಗೆ ಏನು ಮಾಡುತ್ತೀರಿ? ಹೊರಗಿಂದ ಬರುವ ಹೆಚ್ಚಿನವರು ಪಿಟಿಆರ್-ಎಂಎಸ್ (ಗಾಳಿಯಲ್ಲಿರುವ ಇಂಥ ಅನಿಲಗಳನ್ನು ಅಲ್ಲೇ ಅಳೆಯುವ ಯಂತ್ರ) ಬೇಕು ಅಂತ ಬರೆಯುತ್ತಾರೆ. ಅದಕ್ಕೆ ಕೋಟಿಗಟ್ಟಲೆ ದುಡ್ಡು. ಟೆಂಡರ್, ಕಸ್ಟಮ್ಸ್ ಮುಗಿಯುವಷ್ಟರಲ್ಲಿ ನಿಮ್ಮ ಮೊದಲ ವಿದ್ಯಾರ್ಥಿಯ ಅರ್ಧ ಪಿಎಚ್‌ಡಿ ಕಳೆದಿರುತ್ತದೆ.

ಹಾಗಾಗಿ ಕೈಗೆಟಕುವ ದಾರಿ ಬರೆಯಿರಿ. ಪಶ್ಚಿಮ ಘಟ್ಟದ ಕಾಡಿನಲ್ಲಿ ಐಸೊಪ್ರೀನ್ ಇದೆ. ಊರು, ಹೆದ್ದಾರಿಗಳಿಂದ ನೈಟ್ರೋಜನ್ ಆಕ್ಸೈಡ್ ಬರುತ್ತದೆ. ಎರಡೂ ಬಿಸಿಲಲ್ಲಿ ಸೇರಿದರೆ ಓಝೋನ್ ಹುಟ್ಟುತ್ತದೆ. ಎಲ್ಲಿ, ಯಾವ ತಿಂಗಳು, ಎಷ್ಟು? ಮಳೆಗಾಲ ಬಂದಾಗ ಏನಾಗುತ್ತದೆ? ಇದು ಒಳ್ಳೆಯ ಪ್ರಶ್ನೆ. ಗಾಳಿಯನ್ನು ಸ್ಯಾಂಪ್ಲಿಂಗ್ ಕೊಳವೆಗಳಲ್ಲಿ ಹಿಡಿದು ತಂದು ಲ್ಯಾಬಿನ ಜಿಸಿ-ಎಂಎಸ್‌ನಲ್ಲಿ (ಅನಿಲಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ) ಓಡಿಸಬಹುದು. ಕೊಳವೆಯ ಮುಂದೆ ಓಝೋನ್ ತಡೆಯುವ ಫಿಲ್ಟರ್ ಹಾಕುವುದನ್ನೂ ಬರೆಯಿರಿ. ಇಲ್ಲದಿದ್ದರೆ ಓಝೋನ್ ಜೊತೆ ಸೇರಿ ದಾರಿಯಲ್ಲೇ ಐಸೊಪ್ರೀನ್ ಕಮ್ಮಿಯಾಗುತ್ತದೆ. ಇಂಥ ಒಂದು ಸಾಲು ಕಂಡರೆ ಈಕೆ ಕೈಯಾರೆ ಕೆಲಸ ಮಾಡಿದ್ದಾಳೆ ಅಂತ ಸಮಿತಿಗೆ ಗೊತ್ತಾಗುತ್ತದೆ.

ಕೆಮಿಸ್ಟ್ರಿ ವಿಭಾಗ ಕರೆದರೆ ಭಾಷಣವನ್ನು ಹೊಗೆ, ಆರೋಗ್ಯದಿಂದ ಶುರು ಮಾಡಬೇಡಿ. ಗಾಳಿಯಲ್ಲಿ ಐಸೊಪ್ರೀನ್‌ನಂಥವನ್ನು ಒಡೆಯುವ ಓಎಚ್ ರಾಡಿಕಲ್‌ನಿಂದ, ರಿಯಾಕ್ಷನ್ ವೇಗದಿಂದ ಶುರು ಮಾಡಿ. ಫಿಸಿಕಲ್ ಕೆಮಿಸ್ಟ್ರಿ ಪಾಠ ಮಾಡಲು ಸಿದ್ಧ ಅಂತಲೂ ಹೇಳಿ. ಅವರಿಗೆ ಅದು ಬಹಳ ಮುಖ್ಯ.

ಇನ್ನೊಬ್ಬರ ಪ್ರಶ್ನೆ: ಪಿಎಚ್‌ಡಿ ಆಗಿ ಎರಡೇ ವರ್ಷ. ಐಐಟಿಗೆ ಈಗಲೇ ಹಾಕಬಹುದಾ?

ಉತ್ತರ: ಹಾಕಿ. ಮೂರು ವರ್ಷ ಆಗಿರದಿದ್ದರೆ ಸಾಮಾನ್ಯವಾಗಿ ಗ್ರೇಡ್ 2 ಹುದ್ದೆಗೆ ನೋಡುತ್ತಾರೆ, ಅದು ಕಾಂಟ್ರಾಕ್ಟ್.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಫ್ಯಾಕಲ್ಟಿ ಅಥವಾ ರಾಮಾನುಜನ್ ಫೆಲೋಶಿಪ್‌ನಲ್ಲಿ ಬರುವುದು ಸರಿಯಾ?

ಉತ್ತರ: ಬಾಗಿಲು ತೆರೆಯಲು ಒಳ್ಳೆಯದೇ. ರಾಮಾನುಜನ್ ಇರುವುದೇ ಹೊರದೇಶದಲ್ಲಿ ಕೆಲಸ ಮಾಡುತ್ತಿರುವವರಿಗೆ. ಆದರೆ ಎರಡೂ ಐದು ವರ್ಷದ್ದು, ಕಾಯಂ ಅಲ್ಲ. ಆತಿಥೇಯ ಸಂಸ್ಥೆಯ ಹತ್ತಿರ ಲ್ಯಾಬ್ ಜಾಗ, ಪಿಎಚ್‌ಡಿ ವಿದ್ಯಾರ್ಥಿ ತೆಗೆದುಕೊಳ್ಳುವ ಹಕ್ಕು, ಇವೆರಡನ್ನೂ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿಗೆ ಒಪ್ಪಿ ಬಂದು ಮೂಲೆಯ ಮೇಜಿನಲ್ಲಿ ವರ್ಷ ಕಳೆದವರನ್ನು ನೋಡಿದ್ದೇನೆ, ತುಂಬಾ ಬೇಜಾರಾಗುತ್ತದೆ. ವಯಸ್ಸಿನ ಮಿತಿಯನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿ. ನಿಮ್ಮ ಸಂಶೋಧನಾ ಯೋಜನೆಯ ಎರಡು ಪುಟ ಸಿದ್ಧವಾದರೆ ಇಲ್ಲೇ ಹಾಕಿ, ಓದಿ ಹೇಳುತ್ತೇನೆ.